ಕೋರ್ಸ್ ಮೀನುಗಾರಿಕೆಗೆ ಹಲವು ನೀರಿನಲ್ಲಿ ಒದಗುವ ಕೈಬಲೆಯ ಆಯ್ಕೆ

ಗಾಳಕ್ಕೆ ಸಿಕ್ಕ ಮೀನನ್ನು ಗಾಯಪಡಿಸದೆ ನೋಡಿ, ಬೇಕಾದರೆ ತೂಗಿ, ಮತ್ತೆ ಅದೇ ನೀರಿಗೆ ಬಿಡುವ ಪದ್ಧತಿ ಬ್ರಿಟನ್ನಿನ ಸಿಹಿನೀರಿನ ಮೀನುಗಾರಿಕೆಯಲ್ಲಿ ಆಳವಾಗಿ ಬೇರೂರಿದೆ. ಆ ಪದ್ಧತಿ ಎಷ್ಟರಮಟ್ಟಿಗೆ ಸಫಲವಾಗುತ್ತದೆ ಎಂಬುದನ್ನು, ದಣಿದ ಮೀನು ದಡದ ಹತ್ತಿರ ಬಂದ ಮೇಲಿನ ಕೊನೆಯ ಕೆಲವು ಕ್ಷಣಗಳಲ್ಲಿ ಬಳಕೆಯಾಗುವ ಕೈಬಲೆಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಲ್ಯಾಂಡಿಂಗ್ ನೆಟ್ ಎಂದು ಕರೆಯಲಾಗುವ ಈ ಕೈಬಲೆಗೆ ಮೂರು ಅಂಗಗಳಿವೆ: ದಡದಿಂದ ನೀರಿಗೆ ಚಾಚುವ ಹಿಡಿಕೆ, ಅದರ ತುದಿಗೆ ತಿರುಪಿನಿಂದ ಕೂರುವ ಚೌಕಟ್ಟು, ಚೌಕಟ್ಟಿನಿಂದ ಜೋಲುವ ಬಲೆಯ ಚೀಲ. ಗಾಳದ ಕೋಲು, ರೀಲು, ದಾರಗಳ ಆಯ್ಕೆಗೆ ವಾರಗಟ್ಟಲೆ ಯೋಚಿಸುವವರೂ ಕೈಬಲೆಯನ್ನು ಅಂಗಡಿಯಿಂದ ಹೊರಡುವ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುವುದುಂಟು. ಬಲೆಯ ಕೊರತೆ ಬಯಲಾಗುವುದು ಮಾತ್ರ ದೊಡ್ಡ ಮೀನು ದಡಕ್ಕೆ ಬಂದಾಗಲೇ.

ಕೋರ್ಸ್ ಮೀನುಗಾರಿಕೆ ಎಂದರೆ, ಸಾಲ್ಮನ್ ಮತ್ತು ಟ್ರೌಟ್ ಜಾತಿಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ಗಾಳದಿಂದ ಹಿಡಿಯುವುದು ಎಂದು ಸ್ಥೂಲವಾಗಿ ಹೇಳಬಹುದು. ಬೆಳ್ಳಿ ಮೈಯ ಕೆಂಗಣ್ಣಿನ ರೋಚ್, ಚಪ್ಪಟೆ ಮೈಯ ಬ್ರೀಮ್, ಹಸಿರು ಛಾಯೆಯ ಟೆಂಚ್, ಬೆನ್ನಿನ ಮೇಲೆ ಮುಳ್ಳಿನ ರೆಕ್ಕೆ ಹೊತ್ತ ಪರ್ಚ್, ಹರಿವ ನೀರಿನ ಚಬ್ ಮತ್ತು ಬಾರ್ಬೆಲ್, ಕೆರೆಗಳ ಕಾರ್ಪ್, ಚೂಪು ಹಲ್ಲಿನ ಬೇಟೆಗಾರ ಪೈಕ್ ಇವು ಈ ಗುಂಪಿನ ಮುಖ್ಯ ಮೀನುಗಳು. ಇವುಗಳಲ್ಲಿ ಕಾರ್ಪ್ ಕರ್ನಾಟಕದ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯೇ ಆಗಿದ್ದರೆ, ಬಾರ್ಬೆಲ್ ಕಾವೇರಿಯ ಮಹಶೀರ್ ಮೀನಿನ ಕುಟುಂಬಕ್ಕೇ ಸೇರಿದ್ದು, ಮಹಶೀರಿನಂತೆಯೇ ವೇಗದ ನೀರಿನಲ್ಲಿ ತಳ ಹಿಡಿದು ಬದುಕುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳನ್ನು ಹಿಡಿಯುವಂತಿಲ್ಲ. ಮೊಟ್ಟೆಯಿಡುವ ಕಾಲಕ್ಕೆ ರಕ್ಷಣೆ ಕೊಡುವ ಈ ನಿಯಮದ ಮೂಲ 1878ರ ಕಾಯಿದೆಯಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ವರ್ಷ ತುಂಬಿದ ಯಾರೇ ಆಗಲಿ ಗಾಳ ಹಾಕಲು ಪರವಾನಗಿ ಪಡೆದಿರಬೇಕಾಗಿದ್ದು, ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಮಕ್ಕಳನ್ನು ಕೆರೆದಂಡೆಗೆ ಕರೆದೊಯ್ಯುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಬೇಕು. 13ರಿಂದ 16 ವರ್ಷದವರಿಗೆ ಈ ಪರವಾನಗಿ ಉಚಿತವಾಗಿ ಸಿಗುತ್ತದೆ.

ಬಲೆಯ ಆಯ್ಕೆಯ ಮೊದಲ ಮಾತು ಮೀನಿನ ಚರ್ಮಕ್ಕೆ ಸಂಬಂಧಿಸಿದ್ದು. ಮೀನಿನ ಮೈಮೇಲಿನ ಲೋಳೆ ಕೈಗೆ ಜಾರುವ ಅಂಟಿನಂತೆ ಕಂಡರೂ, ರೋಗಾಣು ಮತ್ತು ಪರಾವಲಂಬಿಗಳು ಒಳನುಗ್ಗದಂತೆ ತಡೆಯುವ, ದೇಹದ ಲವಣಾಂಶದ ಸಮತೋಲ ಕೆಡದಂತೆ ನೋಡಿಕೊಳ್ಳುವ ರಕ್ಷಾಕವಚ ಅದು. ಒರಟು ನೂಲು ಈ ಲೋಳೆಯನ್ನು ಕೆರೆದು ತೆಗೆಯುತ್ತದೆ, ಗಂಟುಗಳು ಹುರುಪೆಗಳನ್ನು ಎಬ್ಬಿಸುತ್ತವೆ, ದೊಡ್ಡ ಕಣ್ಣಿನ ಬಲೆ ಈಜುರೆಕ್ಕೆಗಳ ತುದಿಯನ್ನು ಸೀಳುತ್ತದೆ. ಹೀಗೆ ಗಾಯಗೊಂಡ ಮೀನು ಬಿಟ್ಟ ಕೂಡಲೇ ಈಜಿಹೋದರೂ ಕೆಲವು ದಿನಗಳ ಬಳಿಕ ಬೂಷ್ಟಿನ ಸೋಂಕಿಗೆ ತುತ್ತಾಗುವ ಸಂಭವವಿದೆ. ಈ ಕಾರಣಕ್ಕಾಗಿಯೇ ಇಂಗ್ಲೆಂಡಿನ ಪರಿಸರ ಸಂಸ್ಥೆಯ ಉಪನಿಯಮಗಳು ಗಂಟುಳ್ಳ ನೂಲಿನ ಅಥವಾ ಲೋಹದ ತಂತಿಯ ಕೈಬಲೆಗಳನ್ನು ನಿಷೇಧಿಸಿವೆ. ಹಳೆಯ ಸಾಮಾನಿನ ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಗೋಡೆಗೆ ತೂಗುಹಾಕಲು ಚೆಂದ ಕಾಣುವ ಹಗ್ಗದ ಗಂಟುಬಲೆಗಳನ್ನು ನೀರಿಗೆ ಇಳಿಸುವಂತಿಲ್ಲವೆಂಬುದು ಹೊಸಬರಿಗೆ ತಿಳಿದಿರಬೇಕಾದ ವಿಷಯ.

ಎಲ್ಲ ನೀರಿಗೂ, ಎಲ್ಲ ಮೀನಿಗೂ ಸರಿಹೊಂದುವ ಒಂದೇ ಕೈಬಲೆಯನ್ನು ಹುಡುಕುವವರು ಸಾಮಾನ್ಯವಾಗಿ ಹಿಡಿಕೆಯೂ ಬಲೆಯೂ ಕೂಡಿದ ಒಂದು ಅಖಂಡ ವಸ್ತುವನ್ನು ಕಲ್ಪಿಸಿಕೊಂಡಿರುತ್ತಾರೆ. ವಾಸ್ತವದಲ್ಲಿ ಬಹೂಪಯೋಗದ ಗುಟ್ಟು ಇವೆರಡನ್ನೂ ಬೇರೆಬೇರೆಯಾಗಿ ಆರಿಸುವುದರಲ್ಲಿದೆ. ಬ್ರಿಟನ್ನಿನಲ್ಲಿ ಮಾರಾಟವಾಗುವ ಹೆಚ್ಚುಕಡಿಮೆ ಎಲ್ಲ ಕೋರ್ಸ್ ಹಿಡಿಕೆಗಳ ತುದಿಯಲ್ಲೂ, ಬಲೆಯ ಚೌಕಟ್ಟುಗಳ ಬುಡದಲ್ಲೂ ಒಂದೇ ಅಳತೆಯ ತಿರುಪು ಇರುತ್ತದೆ. ಇಂಚಿನ ಎಂಟನೇ ಮೂರು ಭಾಗ ವ್ಯಾಸದ, ಒಂದು ಇಂಚಿಗೆ 20 ಸುತ್ತುಗಳಿರುವ, ಬಿಎಸ್‌ಎಫ್ ಎಂಬ ಹಳೆಯ ಬ್ರಿಟಿಷ್ ಮಾನಕದ ಈ ತಿರುಪು ಗಾಳದ ಕೋಲನ್ನು ಒರಗಿಸುವ ಊರುಗೋಲುಗಳಲ್ಲೂ ಬಳಕೆಯಲ್ಲಿದೆ. ಆದ್ದರಿಂದ ಒಂದು ತಯಾರಕರ ಹಿಡಿಕೆಗೆ ಇನ್ನೊಂದು ತಯಾರಕರ ಬಲೆ ಸಲೀಸಾಗಿ ಕೂರುತ್ತದೆ. ಒಂದು ಒಳ್ಳೆಯ ಹಿಡಿಕೆ, ಅದಕ್ಕೆ ಮಧ್ಯಮ ಗಾತ್ರದ ಒಂದು ಬಲೆ, ಮುಂದೆ ಅಗತ್ಯ ಕಂಡಾಗ ದೊಡ್ಡದೊಂದು ಬಲೆ ಎಂಬ ಕ್ರಮವೇ ವಿವೇಕದ ದಾರಿ. ಖರ್ಚಿನ ಹೆಚ್ಚಿನ ಪಾಲು ಹಿಡಿಕೆಗೇ ಸಲ್ಲಬೇಕು.

ಬಲೆಯ ಗಾತ್ರವನ್ನು ಸಾಧಾರಣವಾಗಿ ಸಿಗುವ ಮೀನಿನಿಂದ ಲೆಕ್ಕ ಹಾಕದೆ, ಆ ನೀರಿನಲ್ಲಿ ಸಿಗಬಹುದಾದ ಅತಿ ದೊಡ್ಡ ಮೀನಿನಿಂದ ಲೆಕ್ಕ ಹಾಕಬೇಕು. ರೋಚ್ ಒಂದು ಕಿಲೋ ಮುಟ್ಟಿದರೆ ಅದನ್ನು ಜೀವಮಾನದ ಮೀನೆಂದು ಎಣಿಸುವವರಿದ್ದಾರೆ, ಹಾಗಾಗಿ ರೋಚ್‌ಗಾಗಿಯೇ ಕೂರುವವರಿಗೆ 16 ರಿಂದ 18 ಇಂಚಿನ, ಎಂದರೆ 40-45 ಸೆಂಟಿಮೀಟರಿನ ಬಲೆ ಸಾಕು. ಆದರೆ ಅದೇ ಕೆರೆಯಲ್ಲಿ ಮೂರು ಕಿಲೋ ತೂಗುವ ಬ್ರೀಮ್ ಇದ್ದರೆ ಅದರ ಉದ್ದ ಅರ್ಧ ಮೀಟರನ್ನು ದಾಟಿರುತ್ತದೆ, ಮೈಯ ಅಗಲವೂ ಅಂಗೈಗಿಂತ ಎಷ್ಟೋ ಹೆಚ್ಚಿರುತ್ತದೆ; ನದಿಯ ನಾಲ್ಕೂವರೆ ಕಿಲೋ ಬಾರ್ಬೆಲ್ ಮುಕ್ಕಾಲು ಮೀಟರಿನ ಹತ್ತಿರ ಬರುತ್ತದೆ, ಅದೇ ತೂಕದ ಪೈಕ್ ಇನ್ನೂ ಉದ್ದ. ಬಲೆಯೊಳಗೆ ಮೀನು ಬಾಗಿ ಕೂರುವುದರಿಂದ ಚೌಕಟ್ಟು ಮೀನಿನಷ್ಟೇ ಉದ್ದವಿರಬೇಕೆಂದಿಲ್ಲ. ಆದರೂ ನಿರೀಕ್ಷಿತ ದೊಡ್ಡ ಮೀನಿನ ಮೂರನೇ ಎರಡು ಭಾಗಕ್ಕಿಂತ ಕಿರಿದಾದ ಚೌಕಟ್ಟಿನಲ್ಲಿ ಮೀನಿನ ತಲೆಯೋ ಬಾಲವೋ ಅಂಚಿಗೆ ತಾಗಿ, ಅದು ಗಾಬರಿಯಿಂದ ಕೊನೆಯ ಬಾರಿ ಕೊಸರಿಕೊಂಡಾಗ ದಾರ ಹರಿಯುವುದು ಸಾಮಾನ್ಯ. ಈ ಲೆಕ್ಕದಂತೆ ರೋಚ್‌ನಿಂದ ಹಿಡಿದು ಟೆಂಚ್, ಚಬ್, ಬ್ರೀಮ್, ಮಧ್ಯಮ ಗಾತ್ರದ ಬಾರ್ಬೆಲ್ ಮತ್ತು ಐದಾರು ಕಿಲೋವರೆಗಿನ ಕಾರ್ಪ್‌ವರೆಗೆ ಸಲ್ಲುವ ಅಳತೆ 24 ರಿಂದ 26 ಇಂಚು, ಎಂದರೆ 60-66 ಸೆಂಟಿಮೀಟರು. ಒಂದೇ ಬಲೆ ಕೊಳ್ಳುವವರಿಗೆ ಇದಕ್ಕಿಂತ ಸೂಕ್ತ ಗಾತ್ರವಿಲ್ಲ.

ಆಕಾರದ ವಿಷಯದಲ್ಲಿ ಮೂರು ಬಗೆಗಳು ಪ್ರಚಲಿತವಾಗಿವೆ. ಚಮಚದ ಆಕಾರದ ಚೌಕಟ್ಟು ಗಟ್ಟಿ ಅಲ್ಯೂಮಿನಿಯಂ ಕೊಳವೆಯದಾಗಿದ್ದು, ಬಾಗದೆ ನೀರನ್ನು ಸೀಳಿಕೊಂಡು ಹೋಗುತ್ತದೆ. ದುಂಡು ಚೌಕಟ್ಟೂ ಹಾಗೆಯೇ ಗಟ್ಟಿಯಾದದ್ದು. ಆದರೆ ಅದರ ಮುಂಚಾಚಿದ ಬಾಗು ಕಲ್ಲುಹಾಸಿನ ಅಥವಾ ತೆಳುನೀರಿನ ದಡದಲ್ಲಿ ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ತ್ರಿಕೋನ ಬಲೆಯಲ್ಲಿ ಎರಡು ಬಾಗುವ ತೋಳುಗಳು ಒಂದು ಗಟ್ಟಿ ತುಂಡಿಗೆ ಸಿಕ್ಕಿಕೊಂಡು, ಅವುಗಳ ತುದಿಗಳ ನಡುವೆ ಬಿಗಿದ ಹುರಿಯೇ ಮುಂಭಾಗದ ಅಂಚಾಗಿರುತ್ತದೆ. 42 ಇಂಚಿನ ದೊಡ್ಡ ಕಾರ್ಪ್ ಬಲೆಗಳೆಲ್ಲ ಈ ಬಗೆಯವು. ಕಾರ್ಪ್ ಕೆರೆಗಳ ಎಷ್ಟೋ ಮಾಲೀಕರು ಇದಕ್ಕಿಂತ ಚಿಕ್ಕ ಬಲೆಯನ್ನು ಒಪ್ಪುವುದೂ ಇಲ್ಲ. ಹುರಿಯ ಅಂಚು ನೀರಿನಲ್ಲಿ ಹಗುರವಾಗಿ ಮುಳುಗಿ ಮೀನು ಸುಲಭವಾಗಿ ಮೇಲೆ ಜಾರುವಂತೆ ಮಾಡುತ್ತದಾದರೂ ಹರಿವ ನೀರಿನಲ್ಲಿ ಅದು ಒಳಕ್ಕೆ ಬಾಗುತ್ತದೆ, ಜೊಂಡಿನ ನಡುವೆ ತೂರಿಸುವುದೂ ಕಷ್ಟ. ಆದ್ದರಿಂದ ಕೆರೆ, ಕಾಲುವೆ, ನದಿ ಮೂರಕ್ಕೂ ಒದಗಬೇಕಾದ ಬಲೆಗೆ ಗಟ್ಟಿ ಚಮಚದಾಕಾರವೇ ಮೇಲು, ಅದರಲ್ಲೂ ಮುಂಭಾಗ ತುಸು ಸಪಾಟಾಗಿರುವ ಚೌಕಟ್ಟು ಇನ್ನೂ ಮೇಲು.

ಚೀಲದ ಆಳ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಪೂರ್ತಿ ಸರಿಯಲ್ಲ. ಸ್ಪರ್ಧೆಗಳಲ್ಲಿ ಒಂದರ ಹಿಂದೊಂದು ಸಣ್ಣ ಮೀನು ಹಿಡಿಯುವವರು ತಟ್ಟೆಯಂತೆ ಆಳ ಕಡಿಮೆಯಿರುವ ಬಲೆಯನ್ನು ಬಯಸುತ್ತಾರೆ, ಏಕೆಂದರೆ ಮೀನನ್ನು ಹುಡುಕಿ ತೆಗೆಯಲು ಚೀಲದ ತಳಕ್ಕೆ ಕೈ ಹಾಕಬೇಕಾಗುವುದಿಲ್ಲ. ಆದರೆ ಬಲವಾದ ಬಾರ್ಬೆಲ್ ಅಂಥ ಬಲೆಯಿಂದ ಒಂದೇ ನೆಗೆತಕ್ಕೆ ಹೊರಗೆ ಬೀಳುತ್ತದೆ. ತೀರ ಆಳದ ಚೀಲವಾದರೆ ಗಾಳಿಗೆ ತಿರುಚಿಕೊಳ್ಳುತ್ತದೆ, ಹೊಳೆಯ ಸೆಳೆತಕ್ಕೆ ಹಿಡಿಕೆಯ ಅಡಿಗೆ ಹೋಗಿ ಸುತ್ತಿಕೊಳ್ಳುತ್ತದೆ. ಚೌಕಟ್ಟಿನ ಅಗಲದ ಅರ್ಧದಿಂದ ಮುಕ್ಕಾಲು ಭಾಗದಷ್ಟು ಆಳವಿದ್ದು, ತಳ ಅಗಲವಾಗಿ ಹರಡಿಕೊಂಡಿರುವ ಚೀಲ ಮೀನನ್ನು ಮಡಚದೆ, ಮಲಗಿಸಿದ ಹಾಗೆ ಹಿಡಿದುಕೊಳ್ಳುತ್ತದೆ.

ಈಗ ಬಲೆಯ ಕಣ್ಣಿನ ಪ್ರಶ್ನೆ. ಅಕ್ಕಿಕಾಳಿನ ಗಾತ್ರದ ಕಣ್ಣುಗಳಿರುವ ಮೃದು ನೇಯ್ಗೆಗೆ ಮೈಕ್ರೋಮೆಶ್ ಎಂಬ ಹೆಸರಿದೆ. ಮೀನಿನ ರೆಕ್ಕೆಗೂ ಹುರುಪೆಗೂ ಇದರಷ್ಟು ಹಿತವಾದದ್ದು ಬೇರೊಂದಿಲ್ಲ. ಆದರೆ ಇಷ್ಟು ಒತ್ತಾದ ನೇಯ್ಗೆಯೊಳಗಿಂದ ನೀರು ಬೇಗ ಹಾದುಹೋಗುವುದಿಲ್ಲ, ಹಾಗಾಗಿ ನಿಂತ ಕೆರೆಯಲ್ಲಿ ಸುಖವಾಗಿರುವ ಬಲೆ ಸೆಳೆತದ ನದಿಯಲ್ಲಿ ಹಾಯಿಯಂತೆ ಉಬ್ಬಿ ಕೈಯನ್ನೇ ಎಳೆಯುತ್ತದೆ. ದೊಡ್ಡ ಕಣ್ಣಿನ ಬಲೆಯಲ್ಲಿ ನೀರಿನ ತಡೆ ಕಡಿಮೆಯಾದರೂ ಸಣ್ಣ ಪರ್ಚ್‌ನ ಮುಳ್ಳು, ಸಣ್ಣ ರೋಚ್‌ನ ತಲೆ ಕಣ್ಣಿನೊಳಗೆ ಸಿಕ್ಕಿಕೊಂಡು ಕಿವಿರಿಗೆ ಪೆಟ್ಟಾಗುತ್ತದೆ. ಈ ಎರಡು ದೋಷಗಳ ನಡುವಿನ ಹಾದಿಯಾಗಿ ತಯಾರಕರು ತಳಭಾಗಕ್ಕೆ ಮೃದುವಾದ ಒತ್ತು ನೇಯ್ಗೆಯನ್ನೂ, ಪಕ್ಕಗಳಿಗೆ ನೀರು ಬಸಿಯುವ ತುಸು ದೊಡ್ಡ ಕಣ್ಣನ್ನೂ ಜೋಡಿಸಿ ಹೊಲಿಯುತ್ತಾರೆ. ಮೀನು ಮಲಗುವುದು ತಳದ ಮೇಲೆ, ನೀರು ನುಗ್ಗುವುದು ಪಕ್ಕಗಳಿಂದ. ಈ ಎರಡು ನೇಯ್ಗೆಯ ಚೀಲವೇ ಬಹೂಪಯೋಗದ ಬಲೆಗೆ ತಕ್ಕದ್ದು.

ನೂಲಿಗೆ ರಬ್ಬರ್ ಅಥವಾ ಲೇಟೆಕ್ಸ್ ಲೇಪಿಸಿರುವ ಬಲೆಗಳ ಬಳಕೆ ಈಗ ಬಹಳವಾಗಿ ಹೆಚ್ಚಿದೆ. ಲೇಪನದ ಬಲೆ ನೀರನ್ನು ಹೀರುವುದಿಲ್ಲ, ಬೇಗ ಒಣಗುತ್ತದೆ, ಬ್ರೀಮ್ ಮೀನಿನ ಗಟ್ಟಿ ಲೋಳೆ ಅದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಒಂದೆರಡು ಬ್ರೀಮ್ ಹಿಡಿದ ಲೇಪನವಿಲ್ಲದ ಬಲೆಯನ್ನು ಕಾರಿನ ಡಿಕ್ಕಿಯಲ್ಲಿ ಮರೆತವರಿಗೆ ಈ ಗುಣದ ಬೆಲೆ ಹೇಳಿ ತಿಳಿಸಬೇಕಾಗಿಲ್ಲ. ಇದಕ್ಕಿಂತ ಮುಖ್ಯವಾದದ್ದು ಕೊಕ್ಕೆಯ ವಿಷಯ. ಗಾಳದ ಕೊಕ್ಕೆ ಮೀನಿನ ಬಾಯಿಂದ ಕಳಚಿ ಬಲೆಯ ನೂಲಿಗೆ ಚುಚ್ಚಿಕೊಂಡರೆ, ಅದರಲ್ಲೂ ಪೈಕ್‌ಗೆ ಬಳಸುವ ಮೂರು ಮೊನೆಯ ಕೊಕ್ಕೆಗಳ ಒಂದು ಮೊನೆ ಬಾಯಲ್ಲೂ ಇನ್ನೊಂದು ಬಲೆಯಲ್ಲೂ ಸಿಕ್ಕಿಕೊಂಡರೆ, ಮೀನು ಒದ್ದಾಡಿದಷ್ಟೂ ತುಟಿ ಹರಿಯುತ್ತದೆ. ಲೇಪಿತ ನೂಲಿನೊಳಕ್ಕೆ ಮೊನೆ ಆಳವಾಗಿ ಇಳಿಯದೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬಾರ್ಬೆಲ್ ಮತ್ತು ಕಾರ್ಪ್‌ಗಳ ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಗರಗಸದ ಹಲ್ಲುಗಳಿರುವ ಗಟ್ಟಿ ಮುಳ್ಳೊಂದು ಇದ್ದು, ಅದು ಸಡಿಲ ನೇಯ್ಗೆಗೆ ಸಿಕ್ಕಿಕೊಂಡಾಗ ಮೀನನ್ನು ಎಳೆಯುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಅಂಥ ವೇಳೆ ಮೀನನ್ನು ಎಳೆದಾಡುವುದಕ್ಕಿಂತ ಬಲೆಯ ನೂಲನ್ನು ಕತ್ತರಿಸುವುದೇ ಧರ್ಮ. ನೇಯ್ಗೆಯೇ ಇಲ್ಲದ ಅಚ್ಚುರಬ್ಬರಿನ ಬಲೆಗಳೂ ಇವೆ. ಪೈಕ್ ಬೇಟೆಯೊಂದಕ್ಕೇ ಮೀಸಲಾದರೆ ಅವು ಉತ್ತಮ, ಆದರೆ ಉದ್ದ ಹಿಡಿಕೆಯ ತುದಿಯಲ್ಲಿ ಅವುಗಳ ತೂಕ ಅತಿಯಾಗುವುದರಿಂದ ಸರ್ವಸಾಮಾನ್ಯ ಬಳಕೆಗೆ ಹೇಳಿಮಾಡಿಸಿದವಲ್ಲ.

ಹಿಡಿಕೆಯ ಉದ್ದವನ್ನು ನಿರ್ಧರಿಸುವುದು ಮೀನಲ್ಲ, ದಡ. ಕಾಲುವೆಯ ಅಂಚು ನೀರಿನ ಮಟ್ಟಕ್ಕಿಂತ ಒಂದು ಗೇಣು ಎತ್ತರದಲ್ಲಿರುವಲ್ಲಿ ಎರಡು ಮೀಟರ್ ಸಾಕಾಗುತ್ತದೆ; ಜೊಂಡು ಬೆಳೆದ ಕೆರೆಯಲ್ಲಿ ಜೊಂಡಿನಾಚೆ ಚಾಚಲು ಮೂರು ಮೀಟರ್ ಬೇಕು; ಟ್ರೆಂಟ್ ಅಥವಾ ಸೆವರ್ನ್ ನದಿಯ ಎತ್ತರದ ಪ್ರವಾಹದಿಬ್ಬದ ಮೇಲೆ ಕೂತವರಿಗೆ ನಾಲ್ಕು ಮೀಟರೂ ಕೆಲವೊಮ್ಮೆ ಸಾಲದು. ಉದ್ದ ಸಾಲದ ಹಿಡಿಕೆ ಹಿಡಿದು ಒದ್ದೆ ದಡದ ಅಂಚಿಗೆ ಬಗ್ಗುವುದು ಮೀನಿಗಿಂತ ಹಿಡಿಯುವವರಿಗೇ ಅಪಾಯಕಾರಿ ಎಂಬುದನ್ನು ಒತ್ತಿ ಹೇಳಬೇಕು. ಬಹುಪಾಲು ಸ್ಥಳಗಳಿಗೆ ಮೂರು ಮೀಟರಿನ, ಎರಡು ಅಥವಾ ಮೂರು ತುಂಡುಗಳ ಹಿಡಿಕೆ ಒದಗುತ್ತದೆ. ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ಹಿಡಿಕೆ ಸಾಗಣೆಗೆ ಅನುಕೂಲ, ನದಿಯುದ್ದಕ್ಕೂ ನಡೆದು ಮೀನು ಹಿಡಿಯುವವರಿಗೆ ಅದು ಬೇಕೇ ಬೇಕು. ಆದರೆ ಅದರ ಕೀಲುಗಳೊಳಗೆ ಮರಳು ಹೊಕ್ಕರೆ ಬೇಕಾದ ಹೊತ್ತಿಗೆ ಚಾಚಿಕೊಳ್ಳದೆ ಕೈಕೊಡುತ್ತದೆ. ಒಂದರ ತುದಿಗೊಂದು ಸಿಕ್ಕಿಸುವ ತುಂಡುಗಳ ಹಿಡಿಕೆ ಇದಕ್ಕಿಂತ ಗಟ್ಟಿ.

ಹಿಡಿಕೆಯ ಗಟ್ಟಿತನ ಏಕೆ ಇಷ್ಟು ಮುಖ್ಯ ಎಂಬುದನ್ನು ಸನ್ನೆಕೋಲಿನ ಸರಳ ಲೆಕ್ಕದಿಂದ ಅರಿಯಬಹುದು. ಮೂರು ಮೀಟರ್ ಹಿಡಿಕೆಯ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಅದರಿಂದ ಅರ್ಧ ಮೀಟರ್ ಮುಂದೆ ಇನ್ನೊಂದು ಕೈ ಕೊಟ್ಟು, ತುದಿಯಲ್ಲಿ ನಾಲ್ಕು ಕಿಲೋ ಮೀನನ್ನು ಅಡ್ಡಕ್ಕೆ ಎತ್ತಿದರೆ ಮುಂದಿನ ಕೈ ಹೊರಬೇಕಾದದ್ದು ನಾಲ್ಕು ಕಿಲೋ ಅಲ್ಲ, 24 ಕಿಲೋ. ಬುಡದ ಕೈ ಆ ಹೊತ್ತಿನಲ್ಲಿ 20 ಕಿಲೋ ಬಲದಿಂದ ಕೆಳಕ್ಕೆ ಒತ್ತಬೇಕು. ಒದ್ದೆ ಬಲೆಯ ತೂಕ, ಚೀಲದಲ್ಲಿ ಇನ್ನೂ ಬಸಿಯದ ನೀರಿನ ತೂಕ ಇದಕ್ಕೆ ಬೇರೆ ಸೇರುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಹಿಡಿಕೆ ಇಂಥ ಹೊರೆಗೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ, ಅಗ್ಗದ ನಾರುಗಾಜಿನ ಹಿಡಿಕೆ ಬಿಲ್ಲಿನಂತೆ ಬಾಗಿ ಬಲೆಯನ್ನು ಬೇಡದ ಕಡೆಗೆ ಒಯ್ಯುತ್ತದೆ. ನಾರುಗಾಜು ಮತ್ತು ಕಾರ್ಬನ್ ಬೆರೆತ ಹಿಡಿಕೆ ಬೆಲೆಗೂ ಬಾಳಿಕೆಗೂ ಹೊಂದಿಕೆಯಾಗುತ್ತದೆ; ಪೂರ್ತಿ ಕಾರ್ಬನ್ನಿನದು ಹಗುರ ಮತ್ತು ಗಟ್ಟಿ, ಆದರೆ ಕಲ್ಲಿಗೆ ಬಡಿದರೆ ಅದರ ತೆಳುಗೋಡೆ ಬಿರುಕು ಬಿಡುತ್ತದೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಎರಡೂ ವಿದ್ಯುತ್ ಹರಿಯಲು ಬಿಡುವ ವಸ್ತುಗಳು. ವಿದ್ಯುತ್ ತಂತಿಗಳ ಕೆಳಗೆ ಹಿಡಿಕೆಯನ್ನೂ ಗಾಳದ ಕೋಲನ್ನೂ ಮೇಲಕ್ಕೆತ್ತಿಕೊಂಡು ನಡೆಯಬಾರದು. ನೆತ್ತಿಯ ಮೇಲಿನ ತಂತಿಗಳಿಂದ ಕನಿಷ್ಠ 30 ಮೀಟರ್ ದೂರದಲ್ಲಿ ಮಾತ್ರ ಮೀನು ಹಿಡಿಯಬೇಕೆಂಬುದು ಬ್ರಿಟನ್ನಿನಲ್ಲಿ ಮೀನುಗಾರರಿಗೆ ಕೊಡುವ ಸುರಕ್ಷತಾ ಸೂಚನೆ.

ಹಿಡಿಕೆ ಮತ್ತು ಚೌಕಟ್ಟು ಸೇರುವ ಜಾಗ ಕೈಬಲೆಯ ಅತಿ ದುರ್ಬಲ ಸ್ಥಳ. ಅಗ್ಗದ ಬಲೆಗಳಲ್ಲಿ ತಿರುಪಿನ ಸುತ್ತುಗಳನ್ನು ನೈಲಾನಿನಲ್ಲೇ ಎರಕ ಹೊಯ್ದಿರುತ್ತಾರೆ. ಕೆಲವು ತಿಂಗಳು ಬಿಚ್ಚಿ ಹಾಕಿ ಮಾಡುವುದರಲ್ಲಿ ಸುತ್ತುಗಳು ಸವೆದು, ದೊಡ್ಡ ಮೀನಿನ ಭಾರ ಬಿದ್ದ ಕೂಡಲೇ ಬಲೆ ಕಳಚಿ ಮೀನಿನ ಸಮೇತ ನೀರಿಗೆ ಬೀಳುತ್ತದೆ. ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಉಕ್ಕಿನ ತಿರುಪು ಹುದುಗಿಸಿರುವ ಚೌಕಟ್ಟನ್ನೇ ಆರಿಸಬೇಕು. ಅಂಗಡಿಯಲ್ಲೇ ಹಿಡಿಕೆಗೆ ಬಲೆಯನ್ನು ಕೂರಿಸಿ, ಕೊನೆಯ ಸುತ್ತಿನವರೆಗೆ ಬಿಗಿದು, ಚೌಕಟ್ಟನ್ನು ಎರಡೂ ಕಡೆಗೆ ಅಲುಗಿಸಿ ನೋಡಿದರೆ ಸಡಿಲವಿರುವುದು ತಕ್ಷಣ ಬೆರಳಿಗೆ ತಿಳಿಯುತ್ತದೆ. ಸರಿಯಾಗಿ ಬಿಗಿದ ಬಲೆಯೂ ಬಳಕೆಯಲ್ಲಿ ತುಸು ತುಸುವೇ ತಿರುಗಿ, ಮೀನನ್ನು ಎತ್ತುವ ಹೊತ್ತಿಗೆ ಚೌಕಟ್ಟು ಓರೆಯಾಗುವುದುಂಟು. ನಲ್ಲಿಗೆ ಹಾಕುವಂಥ ತೆಳ್ಳನೆಯ ರಬ್ಬರ್ ವಾಷರೊಂದನ್ನು ತಿರುಪಿನ ಬುಡಕ್ಕೆ ಸೇರಿಸಿದರೆ ಈ ತೊಂದರೆ ನಿಲ್ಲುತ್ತದೆ. ಚೀಲವನ್ನು ಚೌಕಟ್ಟಿಗೆ ಸೇರಿಸಿರುವ ಹೊಲಿಗೆಯ ಮೇಲೂ ಒಮ್ಮೆ ಬೆರಳಾಡಿಸಬೇಕು: ಒಳಗಡೆ ಗಡುಸಾದ ನೂಲಿನ ತುದಿಯೋ ಪ್ಲಾಸ್ಟಿಕ್ ಪಟ್ಟಿಯ ಕತ್ತರಿಸಿದ ಮೊನೆಯೋ ಬೆರಳಿಗೆ ಚುಚ್ಚಿದರೆ ಮೀನಿನ ಕಣ್ಣಿಗೂ ಅದು ಚುಚ್ಚುತ್ತದೆ. ಚೌಕಟ್ಟಿನ ಮುಂಭಾಗದಲ್ಲಿ ಬಲೆಯ ನೂಲು ಬಯಲಾಗಿ ಸುತ್ತಿಕೊಂಡಿದ್ದರೆ ಜಲ್ಲಿಕಲ್ಲಿನ ದಡದಲ್ಲಿ ಮೊದಲು ಹರಿಯುವುದೂ ಅದೇ. ಅಲ್ಲಿ ಬಟ್ಟೆ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಇರುವ ಬಲೆಗಳೂ ಸಿಗುತ್ತವೆ.

ಬಲೆ ಎಷ್ಟೇ ಒಳ್ಳೆಯದಾದರೂ ಅದನ್ನು ಬಳಸುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಮೀನಿನ ಬೆನ್ನು ಹತ್ತಿ ಬಲೆಯಿಂದ ಗೋರಲು ಹೋಗುವುದು ಹೊಸಬರೆಲ್ಲ ಮಾಡುವ ತಪ್ಪು. ಹಿಂದಿನಿಂದ ಬರುವ ಬಲೆಯನ್ನು ಕಂಡ ಮೀನು ಉಳಿದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಓಡುತ್ತದೆ, ಚೌಕಟ್ಟು ದಾರಕ್ಕೆ ತಾಗಿ ಕೊಕ್ಕೆ ಕಳಚುತ್ತದೆ. ಮೀನು ಇನ್ನೂ ದೂರದಲ್ಲಿರುವಾಗಲೇ ಬಲೆಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ, ಚೀಲ ನೆನೆದು ತಳಕ್ಕಿಳಿದು ಹರಡಿಕೊಂಡ ಮೇಲೆ ಅದನ್ನು ಅಲುಗಿಸದೆ ಹಿಡಿದುಕೊಂಡು, ಮೀನಿನ ತಲೆಯನ್ನು ನೀರಿನ ಮೇಲ್ಮೈಗೆ ತಂದು, ದಾರದ ಎಳೆತದಿಂದಲೇ ಅದನ್ನು ಚೌಕಟ್ಟಿನ ಮೇಲಕ್ಕೆ ಜಾರಿಸಬೇಕು. ಮೀನು ಬಾಲದವರೆಗೆ ಒಳಬಂದ ಮೇಲೆ ಚೌಕಟ್ಟನ್ನು ತುಸುವೇ ಎತ್ತಿ, ದಾರವನ್ನು ಸಡಿಲಿಸಿ, ಹಿಡಿಕೆಯನ್ನು ಕೈಯಿಂದ ಕೈಗೆ ಹಿಂದಕ್ಕೆ ಎಳೆದುಕೊಳ್ಳುತ್ತ ಬಲೆಯನ್ನು ನೀರಿನಲ್ಲೇ ದಡಕ್ಕೆ ತರಬೇಕು. ಮೇಲೆ ಹೇಳಿದ ಸನ್ನೆಕೋಲಿನ ಲೆಕ್ಕ ಗೊತ್ತಿರುವವರು ಹಿಡಿಕೆಯನ್ನು ಅಡ್ಡಕ್ಕೆ ಎತ್ತುವ ಸಾಹಸ ಮಾಡುವುದಿಲ್ಲ. ಹರಿವ ನೀರಿನಲ್ಲಿ ಮೀನನ್ನು ಬಲೆಗಿಂತ ಮೇಲ್ಹರಿವಿಗೆ ತಂದು ಮೆಲ್ಲಗೆ ಕೆಳಕ್ಕೆ ಬಿಟ್ಟುಕೊಂಡರೆ ನದಿಯೇ ಅದನ್ನು ಚೀಲದೊಳಕ್ಕೆ ಸೇರಿಸುತ್ತದೆ. ದಡದಲ್ಲಿ ಬಲೆಯ ನೇಯ್ಗೆಯನ್ನು ಮೀನಿನ ಸುತ್ತ ಸುರುಳಿ ಸುತ್ತಿ, ಹಿಡಿಕೆಯನ್ನು ಬಿಟ್ಟು ಚೌಕಟ್ಟನ್ನೇ ಹಿಡಿದೆತ್ತಿ, ಒದ್ದೆ ಮಾಡಿದ ಮೆತ್ತನೆಯ ಚಾಪೆಯ ಮೇಲೆ ಇಳಿಸಿದರೆ ಕೊಕ್ಕೆ ಬಿಡಿಸುವ ಕೆಲಸ ಕೆಲವೇ ಕ್ಷಣಗಳದು. ಅದನ್ನೂ ನೀರಿನಲ್ಲೇ ಮುಗಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಿರುವಾಗ ಬಾರ್ಬೆಲ್ ಬಹುಬೇಗ ಸೋಲುತ್ತದೆ. ಅಂಥ ಮೀನನ್ನು ಬಲೆಯೊಳಗೇ, ತಲೆ ಮೇಲ್ಹರಿವಿಗಿರುವಂತೆ, ತಾನಾಗಿ ಈಜಲು ಕೊಸರುವವರೆಗೆ ನೀರಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಈ ದೃಷ್ಟಿಯಿಂದ ಕೈಬಲೆ ಹಿಡಿಯುವ ಸಾಧನವಾಗಿರುವಷ್ಟೇ ಮೀನು ಚೇತರಿಸಿಕೊಳ್ಳುವ ತಾಣವೂ ಆಗಿದ್ದು, ಅಗಲ ತಳದ ಚೀಲಕ್ಕೆ ಕೊಟ್ಟ ಮಹತ್ವ ಇಲ್ಲಿ ಸಾರ್ಥಕವಾಗುತ್ತದೆ.

ಇಲ್ಲಿ ಕಾವೇರಿಯ ಮಾತೊಂದು ಪ್ರಸ್ತುತವಾಗುತ್ತದೆ. 1970ರ ದಶಕದ ಕೊನೆಯಿಂದ ಹಲವು ವರ್ಷ ಭೀಮೇಶ್ವರಿ, ಗಾಳಿಬೋರೆಗಳ ಸುತ್ತಿನ ನದಿಪಾತ್ರಕ್ಕೆ ಮಹಶೀರ್ ಹಿಡಿದು ಬಿಡಲು ಬ್ರಿಟಿಷ್ ಮೀನುಗಾರರು ಬರುತ್ತಿದ್ದರು. ಬಂಡೆಗಳ ನಡುವಿನ ಆ ಸೆಳೆತದಲ್ಲಿ ಅಷ್ಟು ದೊಡ್ಡ ಮೀನಿಗೆ ಇಂಗ್ಲೆಂಡಿನ ಯಾವ ಕೈಬಲೆಯೂ ಒದಗುವಂತಿರಲಿಲ್ಲ. ನದಿಯನ್ನು ಅಂಗೈಯಂತೆ ಬಲ್ಲ ಸ್ಥಳೀಯ ಸಹಾಯಕರು ನೀರಿಗಿಳಿದು ಮೀನನ್ನು ಕೈಯಲ್ಲೇ ಹಿಡಿದು, ಅದು ದಣಿವಾರಿಸಿಕೊಳ್ಳುವವರೆಗೆ ನೀರಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಕಾವೇರಿ ವನ್ಯಧಾಮದಲ್ಲಿ ಗಾಳದ ಮೀನುಗಾರಿಕೆ ಈಗ ನಿಂತಿದೆ, ಕಾವೇರಿಯ ಡುಬ್ಬದ ಮಹಶೀರ್ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ 2018ರಿಂದ ಅತಿ ಗಂಭೀರ ಅಪಾಯದ ವರ್ಗದಲ್ಲಿದೆ. ಬಹೂಪಯೋಗಿ ಎಂಬ ಮಾತಿಗೆ ನೀರು ಮತ್ತು ಮೀನು ಎರಡೂ ಎಲ್ಲೆ ಹಾಕುತ್ತವೆ ಎಂಬುದಕ್ಕೆ ಆ ನದಿಯ ಅನುಭವ ಸ್ಪಷ್ಟ ನಿದರ್ಶನ. ಇಂಗ್ಲೆಂಡಿನಲ್ಲೂ ಏಳೆಂಟು ಕಿಲೋ ಮೀರಿದ ಕಾರ್ಪ್ ಇರುವ ಕೆರೆಗೋ ದೊಡ್ಡ ಪೈಕ್ ಇರುವ ಸರೋವರಕ್ಕೋ ಹೋಗುವವರು 26 ಇಂಚಿನ ಬಲೆಯನ್ನು ಮನೆಯಲ್ಲಿಟ್ಟು 42 ಇಂಚಿನದನ್ನು ಒಯ್ಯಬೇಕು. ಆ ಗಾತ್ರದ ಬಲೆಗೆ ಮೂರು ಮೀಟರಿನ ತೆಳು ಹಿಡಿಕೆ ತಾಳುವುದಿಲ್ಲವಾದ್ದರಿಂದ ಸುಮಾರು ಎರಡು ಮೀಟರಿನ ದಪ್ಪ ಹಿಡಿಕೆಯೂ ಅದರ ಜೊತೆಗಿರಬೇಕು.

ಒದ್ದೆ ಬಲೆ ಒಂದು ನೀರಿನ ಪಿಡುಗನ್ನು ಇನ್ನೊಂದು ನೀರಿಗೆ ಹೊತ್ತೊಯ್ಯುವ ವಾಹನವೂ ಹೌದು. ಕೊಲೆಗಾರ ಸಿಗಡಿ ಎಂದು ಹೆಸರಾದ ಪರದೇಶಿ ಜೀವಿಯೊಂದು 2010ರಲ್ಲಿ ಕೇಂಬ್ರಿಜ್ ಪ್ರಾಂತದ ಗ್ರಾಫಮ್ ಜಲಾಶಯದಲ್ಲಿ ಕಾಣಿಸಿಕೊಂಡ ಬಳಿಕ, ಸಾಮಗ್ರಿಯನ್ನು ನೋಡಿ, ತೊಳೆದು, ಒಣಗಿಸಿ ಎಂಬ ಪ್ರಚಾರಾಂದೋಲನ ಬ್ರಿಟನ್ನಿನಲ್ಲಿ ಆರಂಭವಾಯಿತು. ಕಾರ್ಪ್‌ಗಳನ್ನು ಗುಂಪುಗುಂಪಾಗಿ ಕೊಲ್ಲುವ ಕೋಯಿ ಹರ್ಪಿಸ್ ವೈರಾಣುವೂ ಒದ್ದೆ ಬಲೆಯಲ್ಲಿ ಪಯಣಿಸಬಲ್ಲದು. ಹಾಗಾಗಿ ಅನೇಕ ಕೆರೆಗಳ ಬಾಗಿಲಲ್ಲೇ ಸೋಂಕುನಾಶಕದ ತೊಟ್ಟಿಯನ್ನಿಟ್ಟು ಬಲೆಯನ್ನು ಅದ್ದಿದ ಮೇಲೆಯೇ ಒಳಬಿಡುತ್ತಾರೆ, ಇನ್ನು ಕೆಲವೆಡೆ ಹೊರಗಿನ ಬಲೆಗಳಿಗೆ ಪ್ರವೇಶವೇ ಇಲ್ಲದೆ ಅಲ್ಲಿಯದನ್ನೇ ಬಳಸಬೇಕಾಗುತ್ತದೆ. ಹೊರಡುವ ಮುನ್ನ ಆ ನೀರಿನ ನಿಯಮಗಳನ್ನು ಓದಿಕೊಳ್ಳುವುದು ಈ ಕಾರಣಕ್ಕೂ ಅಗತ್ಯ. ಮನೆಗೆ ಬಂದ ಕೂಡಲೇ ಬಲೆಯನ್ನು ಸಾಬೂನು ಸೋಕಿಸದೆ ಬರಿನೀರಿನಲ್ಲಿ ತೊಳೆದು, ನೇಯ್ಗೆಯ ನಡುವೆ ಸಿಕ್ಕ ಜೊಂಡಿನ ಚೂರು, ಬಸವನಹುಳುಗಳನ್ನು ತೆಗೆದು, ಗಾಳಿಯಾಡುವೆಡೆ ತೂಗುಹಾಕಿ, ಹೊಲಿಗೆಯ ಮಡಿಕೆಗಳೂ ಗರಿಗರಿಯಾಗುವಷ್ಟು ಒಣಗಿಸಬೇಕು. ಹೊರಗಿನಿಂದ ಒಣಗಿದಂತೆ ಕಂಡರೂ ಚೌಕಟ್ಟಿನ ಕೊಳವೆಯೊಳಗೆ ನೀರು ನಿಂತಿರುವುದುಂಟು. ತಿರುಪಿನ ಬಾಯಿ ಕೆಳಗಾಗುವಂತೆ ತೂಗುಹಾಕಿದರೆ ಅದು ತಾನಾಗಿ ಸೋರಿಹೋಗುತ್ತದೆ. ಆದರೆ ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ನೈಲಾನ್ ನೂಲು ಸೂರ್ಯಕಿರಣಕ್ಕೆ ಸೊರಗಿ, ನೋಡಲು ಗಟ್ಟಿಯಿದ್ದರೂ ಎಳೆದರೆ ಪಟ್ಟನೆ ಹರಿಯುವಂತಾಗುತ್ತದೆ.

ಚೌಕಟ್ಟು ಸುಸ್ಥಿತಿಯಲ್ಲಿದ್ದು ಚೀಲ ಮಾತ್ರ ಹಳತಾದಾಗ ಬಿಡಿ ಚೀಲವನ್ನಷ್ಟೇ ಕೊಂಡು ಹೊಲಿದುಕೊಳ್ಳಬಹುದು. ಅಂಗೈ ಅಗಲದ ಜಾಗವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಾಗ ನೂಲು ಸಿಡಿದರೆ, ರಬ್ಬರ್ ಲೇಪನ ಸುಲಿದು ಒಳನೂಲು ಬಯಲಾಗಿದ್ದರೆ ಅಥವಾ ಬೆರಳು ತೂರುವಷ್ಟು ತೂತೊಂದು ಕಂಡರೆ ಚೀಲವನ್ನು ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಸಣ್ಣ ತೂತು ಮೀನಿನ ಒದ್ದಾಟಕ್ಕೆ ಕ್ಷಣದಲ್ಲಿ ಬಾಗಿಲಾಗುತ್ತದೆ. ತೆಗೆದುಹಾಕಿದ ಚೀಲವನ್ನು ಹಾಗೆಯೇ ಕಸಕ್ಕೆ ಎಸೆಯದೆ, ಹಕ್ಕಿಗಳೂ ಸಣ್ಣ ಪ್ರಾಣಿಗಳೂ ಸಿಕ್ಕಿಕೊಳ್ಳದಂತೆ ತುಂಡುತುಂಡಾಗಿ ಕತ್ತರಿಸಿ ಹಾಕಬೇಕು.